ಶಾಲು, ಪೇಟ, ಹಣ್ಣಿನ ಬುಟ್ಟಿ

ನಮ್ಮ ತಾಲ್ಲೂಕಿನಲ್ಲಿ ಯಾರು ಎಲ್ಲಿ ದೀಪ ಹಚ್ಚಿದರೂ ಮೈಕಿನ ಮುಂದೆ ನಿಂತಿರುವವಳು ನಾನೇ. ಶಿಕಾರಿಪುರದ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ, ಹೆಸರು ಶ್ರೀಲತಾ. ಕನ್ನಡ ಟೀಚರ್ ಆದ ತಪ್ಪಿಗೆ ಕಾರ್ಯಕ್ರಮ ನಿರೂಪಣೆ ಎಂಬ ಬಿಟ್ಟಿ ಚಾಕರಿ ಬಹಳ ವರ್ಷಗಳಿಂದ ನನ್ನ ಕೊರಳಿಗೆ ಬಿದ್ದಿದೆ. ಸೊಸೈಟಿಯ ಹೊಸ ಕಟ್ಟಡವಿರಲಿ, ಕಣ್ಣಿನ ತಪಾಸಣೆ ಶಿಬಿರವಿರಲಿ, "ಮೇಡಂ, ನಿಮ್ಮ ದನಿ ಇಲ್ದಿದ್ರೆ ಕಾರ್ಯಕ್ರಮಕ್ಕೆ ಕಳೆನೇ ಇರಲ್ಲ ನೋಡ್ರಿ" ಎಂದು ಹಲ್ಲು ಕಿರಿಯುತ್ತಾರೆ. ನಾನು ಬೈದುಕೊಳ್ಳುತ್ತಾ ಹೋಗುತ್ತೇನೆ. ಹಾಗಾಗಿ ನಮ್ಮೂರಿನ ಅಂತಾರಾಷ್ಟ್ರೀಯ ಸಮಕಾಲೀನ ಕಲಾ ಮತ್ತು ಪ್ರದರ್ಶನ ಉತ್ಸವದ ಉದ್ಘಾಟನೆಯನ್ನು ನನ್ನಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿಲ್ಲ. ಕಂಡು ಮೈ ಪರಚಿಕೊಂಡವರಂತೂ ಇಲ್ಲವೇ ಇಲ್ಲ.

ಉತ್ಸವ ಹುಟ್ಟಿದ್ದು ಶುಂಠಿಯಿಂದ. ಶಿರಾಳಕೊಪ್ಪದಲ್ಲಿ ಶುಂಠಿ, ಮೆಕ್ಕೆಜೋಳದ ಮಂಡಿ ಇಟ್ಟಿರುವ ಪರಮಶಿವಪ್ಪನವರು ವ್ಯಾಪಾರಕ್ಕೆಂದು ಕೇರಳಕ್ಕೆ ಹೋಗಿದ್ದರಂತೆ. ಅಲ್ಲಿ ಯಾವುದೋ ಹಳೇ ಗೋಡೌನಿನಲ್ಲಿ ಒಡೆದ ದೋಣಿಯೊಂದನ್ನು ತಲೆಕೆಳಗಾಗಿ ನೇತುಹಾಕಿದ್ದರು, ಅದನ್ನು ನೋಡಲು ಫಾರಿನ್ನಿನವರು ಸಾಲುಗಟ್ಟಿ ನಿಂತಿದ್ದರು. ಪರಮಶಿವಪ್ಪನವರು ದೋಣಿಯನ್ನು ನೋಡಲಿಲ್ಲ, ಸಾಲನ್ನು ನೋಡಿದರು. ವಾಪಸು ಬಂದವರೇ, "ನಮ್ ಗೋಡೌನಿಗೇನ್ ಕಮ್ಮಿ ಆಗೇತ್ರೀ? ನಾವೂ ಒಂದು ಇಂಟರ್‌ನ್ಯಾಷನಲ್ ಮಾಡೇಬಿಡಾಣ" ಎಂದರು. ಅವರು ಮಾಡೋಣ ಎಂದರೆ ಅಧ್ಯಕ್ಷರು ಅವರೇ ಎಂದು ಅರ್ಥ. ನಮ್ಮ ಕಡೆ ಅವರು ಅಧ್ಯಕ್ಷರಾಗಿರದ ಸಂಘವೆಂದರೆ ಮಹಿಳಾ ಸ್ವಸಹಾಯ ಸಂಘ ಒಂದೇ. ಅದಕ್ಕೂ ಗೌರವಾಧ್ಯಕ್ಷರು.

ಕಲೆ ಗೊತ್ತಿರುವವನು ಒಬ್ಬ ಬೇಕಲ್ಲ, ಅದಕ್ಕೆ ಸೊರಬದ ಕಡೆಯ ಉದಯನನ್ನು ಹಿಡಿದು ತಂದರು. ಚಿತ್ರಕಲೆ ಓದಿ ಒಂದೆರಡು ದೇಶ ಸುತ್ತಿ ಬಂದ ಹುಡುಗ. ಎಂಥ ಸೆಕೆಯಲ್ಲೂ ಕಪ್ಪು ಅಂಗಿ ಬಿಚ್ಚುವವನಲ್ಲ. ಏನು ಕೇಳಿದರೂ "ಅದನ್ನ ಓಪನ್ ಆಗಿ ಇಡೋಣ" ಎನ್ನುವ ರೋಗ ಬೇರೆ. ಊಟಕ್ಕೆ ಎಷ್ಟು ಜನ ಎಂದು ಅಡುಗೆಯವರು ಕೇಳಿದಾಗಲೂ ಹಾಗೆಯೇ ಅಂದ, ಅವತ್ತು ಅನ್ನ ಸಾಲದೆ ಬಂದದ್ದು ಅದಕ್ಕೇ. ಆದರೂ ಅವನು ಒಂದು ಒಳ್ಳೆಯ ಕೆಲಸ ಮಾಡಿದ್ದ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ವಾಣಿಶ್ರೀಯ ಡೊಳ್ಳನ್ನು ಕೇಳಿ, ಉದ್ಘಾಟನೆಯಾದ ಕೂಡಲೇ ಮೊದಲ ಪ್ರದರ್ಶನ ಅದೇ ಎಂದು ಒಪ್ಪಿಕೊಂಡಿದ್ದ. ಆಹ್ವಾನಪತ್ರಿಕೆಯಲ್ಲೂ ಹಾಕಿಸಿದ್ದ.

ವಾಣಿಶ್ರೀ ನನ್ನ ಹಳೆಯ ವಿದ್ಯಾರ್ಥಿನಿ. ಚಂದ್ರಗುತ್ತಿಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು ಅಲ್ಲಿನ ಹೆಂಗಸರನ್ನು ಸೇರಿಸಿ ಡೊಳ್ಳಿನ ತಂಡ ಕಟ್ಟಿದಳು. ಹೆಂಗಸರ ಡೊಳ್ಳು ಎಂದರೆ ಎಲ್ಲರೂ ಕರೆಯುತ್ತಾರೆ. ಯಾತಕ್ಕೆ ಕರೆಯುತ್ತಾರೆ? ಸ್ವಾಗತಕ್ಕೆ. ಗೇಟಿನಿಂದ ವೇದಿಕೆಯ ಮೆಟ್ಟಿಲ ತನಕ ಇವರು ಬಿಸಿಲಲ್ಲಿ ಕುಣಿದುಕೊಂಡು ಹೋಗಬೇಕು, ಹಿಂದಿನಿಂದ ದೊಡ್ಡ ಮನುಷ್ಯರು ಕಿವಿಗೆ ಫೋನು ಒತ್ತಿಕೊಂಡು ಬರಬೇಕು. ಅವರು ಮೆಟ್ಟಿಲು ಹತ್ತಿದ ಕೂಡಲೇ ಯಾರೋ ಒಬ್ಬ ಕೈಯಾಡಿಸಿ "ಸಾಕು ಸಾಕು" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಇವರು ಶಾಮಿಯಾನದ ಹಿಂದೆ ಹೋಗಿ ಉಪ್ಪಿಟ್ಟು ತಿಂದು ಬಸ್ಸು ಹಿಡಿಯಬೇಕು. ಡೊಳ್ಳಿಗೂ ಪೊಲೀಸ್ ಜೀಪಿನ ಸೈರನ್ನಿಗೂ ನಮ್ಮವರಿಗೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ.

ಅಂಥ ವಾಣಿಶ್ರೀ ಹೊಸದೊಂದನ್ನು ಕಟ್ಟಿದ್ದಳು. ಭಾನುವಾರ ಭಾನುವಾರ ತಂಡ ಕಟ್ಟಿಕೊಂಡು ಬಂದು ನಮ್ಮ ಶಾಲೆಯ ಜಗಲಿಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಎರಡನೆಯ ಹೆರಿಗೆಗೆ ಸೊರಬದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊಳೆದದ್ದಂತೆ. ಮೊದಲು ಒಂದೇ ಡೊಳ್ಳು, ನಿಧಾನ. ಒಂದಿಷ್ಟು ಬಾರಿಸಿ ನಿಲ್ಲುತ್ತದೆ. ಸುಮ್ಮನೆ ಉಸಿರು ಬಿಡುವಷ್ಟು ಹೊತ್ತು. ಮತ್ತೆ ಏಳುತ್ತದೆ, ಈ ಸಲ ಎರಡು ಡೊಳ್ಳು, ನಡುವಿನ ಬಿಡುವು ಚಿಕ್ಕದು. ಹಾಗೆ ಏರುತ್ತಾ ಏರುತ್ತಾ ಬಿಡುವೇ ಇಲ್ಲದಂತಾಗಿ ಎಲ್ಲ ಡೊಳ್ಳೂ ಒಟ್ಟಿಗೆ ಗುದ್ದುವಾಗ ಜಗಲಿಯ ಕಲ್ಲು ನನ್ನ ಕಾಲಡಿ ನಡುಗುತ್ತಿತ್ತು. ಹೆರಿಗೆ ಬೇನೆ. ಹೊಟ್ಟೆಯ ಮೇಲೆ ಡೊಳ್ಳು ಕಟ್ಟಿಕೊಂಡ ಹೆಂಗಸರು ಅಲ್ಲದೆ ಅದನ್ನು ಇನ್ನು ಯಾರು ಬಾರಿಸಬೇಕು? ಮೊದಲ ಸಲ ಕೇಳಿದಾಗ ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕಣ್ಣೀರು ಬಂತು, ಸುಳ್ಳು ಯಾಕೆ ಹೇಳಲಿ.

ಆದರೆ ಅವಳ ಅತ್ತೆ ಗುಡ್ಡಮ್ಮ ಅದನ್ನು ಕೇಳಿರಲಿಲ್ಲ. ಕೇಳುವುದಿಲ್ಲ ಎಂದು ಹಟ ಹಿಡಿದಿದ್ದರು. ಗುಡ್ಡಮ್ಮನದು ಒಂದೇ ಮಾತು. "ಎಂತ ಮಾರಾಯ್ತಿ, ಕಂಡಕಂಡೋರ ಕಾರಿನ ಮುಂದೆ ಕುಣಿಯಾದೂ ಒಂದು ಕಲೆಯಾ? ಅವ್ರು ಒಂದು ದಿನನಾರೂ ನಿನ್ ಮಖ ನೋಡ್ಯಾರಾ? ಒಂದೇ ಒಂದ್ಸಲ ನಿನ್ನ ಸ್ಟೇಜಿನ ಮ್ಯಾಲೆ ಕರ್ದು, ಸುರುವಿಂದ ಕಡೀ ತಂಕ ಬಾರ್ಸಕ್ಕೆ ಬಿಡ್ಲಿ. ಆಮೇಲೆ ನೀ ದಿನಾ ಬಾರ್ಸು, ನಾ ಮಕ್ಳನ್ನ ನೋಡ್ಕ್ಯಂತೀನಿ. ಬಿಡ್ಲಿಲ್ಲ ಅಂದ್ರೆ ಡೊಳ್ಳನ್ನ ಅಟ್ಟಕ್ಕೆ ಹಾಕದು. ಮತ್ತೆ ಇಳ್ಸಂಗಿಲ್ಲ." ವಾಣಿಶ್ರೀ ಒಪ್ಪಿಕೊಂಡಿದ್ದಳು. ಹೆಸರು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿತ್ತಲ್ಲ, ಹೆದರಿಕೆ ಯಾಕೆ ಎಂದುಕೊಂಡಳು. ಪಾಪದವಳು.

ಉತ್ಸವದ ದಿನ ಬೆಳಿಗ್ಗೆ ಕಾಲೇಜು ಮೈದಾನಕ್ಕೆ ಹೋದರೆ ಆಗಲೇ ಗಲಾಟೆ. ನೇಪಾಳದಿಂದ ಬಂದ ಕಲಾವಿದನೊಬ್ಬ ಮೈದಾನದ ಬದಿಯಲ್ಲಿ ಸಾಲುಸಾಲಾಗಿ ಖಾಲಿ ಕುರ್ಚಿ ಜೋಡಿಸಿ "ಗೈರುಹಾಜರಿ" ಎಂದು ಬೋರ್ಡು ಹಾಕಿದ್ದ, ಅದೇ ಅವನ ಕಲಾಕೃತಿ. ನಮ್ಮ ಜನ ಖಾಲಿ ಕುರ್ಚಿ ಕಂಡರೆ ಬಿಡುತ್ತಾರೆಯೇ? ಹೊತ್ತೇರುವುದರೊಳಗೆ ಕಲಾಕೃತಿ ಪೂರ್ತಿ ಭರ್ತಿ, ಮಗುವಿಗೆ ಹಾಲು ಕುಡಿಸುವವರೂ ಅಲ್ಲೇ, ತಂಬಾಕು ತಿಕ್ಕುವವರೂ ಅಲ್ಲೇ. ಆ ಹುಡುಗ ಅಳುವುದೊಂದು ಬಾಕಿ. ಉದಯ ಅವನ ಬೆನ್ನು ಸವರಿ, "ಓಪನ್ ಆಗಿ ಇಡೋಣ" ಎನ್ನುತ್ತಿದ್ದ. ಹೇಳಬೇಕಾದ ಮಾತು ಏನೆಂದರೆ, ಮಧ್ಯಾಹ್ನ ಭಾಷಣಗಳು ಸಾಗುತ್ತಾ ಸಾಗುತ್ತಾ ಒಂದು ಕುರ್ಚಿ ಬಿಟ್ಟು ಉಳಿದವೆಲ್ಲ ತಾವಾಗಿಯೇ ಖಾಲಿಯಾದವು, ಕಲಾಕೃತಿ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬಂತು.

ವಾಣಿಶ್ರೀಯ ತಂಡವನ್ನು ಮೊದಲ ಪ್ರದರ್ಶನ ಎಂದು ಕರೆದಿದ್ದರೂ, "ಹೆಂಗೂ ಬಂದೀರಲ್ಲ, ಸ್ವಾಗತಕ್ಕೂ ಒಂಚೂರು ಬಾರ್ಸಿಬಿಡ್ರಮ್ಮಾ" ಎಂದು ಪರಮಶಿವಪ್ಪನವರು ಗೇಟಿನಲ್ಲಿ ನಿಲ್ಲಿಸಿಬಿಟ್ಟಿದ್ದರು. ಮುಖ್ಯ ಅತಿಥಿಗಳು ಹೊರಟಿದ್ದಾರೆ, ಬಂದೇ ಬಿಟ್ಟರು ಎಂದು ಯಾರೋ ಕೂಗುವುದು, ಇವರು ಬಾರಿಸುವುದು. ಬಂದದ್ದು ನೋಡಿದರೆ ಅಡುಗೆಯ ಪಾತ್ರೆಯ ಟೆಂಪೊ. ಮತ್ತೆ ಕೂಗು, ಮತ್ತೆ ಡೊಳ್ಳು. ಈ ಸಲ ಐಸ್‌ಕ್ರೀಮಿನವನು. ಕೊನೆಗೆ ಅತಿಥಿಗಳು ಬಂದದ್ದು ಹಿಂದಿನ ಗೇಟಿನಿಂದ. ಬಿಸಿಲಲ್ಲಿ ವಾಣಿಶ್ರೀಯ ಅಂಗೈ ಕೆಂಪು ಕೆಂಪಾಗಿತ್ತು. ನಾನು ನೀರಿನ ಬಾಟಲಿ ಕೊಟ್ಟರೆ, "ಪರವಾಗಿಲ್ಲ ಮೇಡಂ, ಕೈ ಬಿಸಿ ಆದಂಗಾತು" ಎಂದು ನಕ್ಕಳು.

ಗುಡ್ಡಮ್ಮ ಬೆಳಿಗ್ಗೆಯೇ ಬಂದು ಮುಂದಿನ ಸಾಲಿನ ನಟ್ಟನಡುವೆ ಕುಳಿತಿದ್ದರು. ಬ್ಯಾಡ್ಜು ಹಾಕಿಕೊಂಡ ಒಬ್ಬ ಬಂದು ಇದು ಗಣ್ಯರದ್ದು ಎಂದ. ಅವರು ಎರಡನೇ ಸಾಲಿಗೆ ಹೋದರು. ಅದು ಪತ್ರಿಕೆಯವರದ್ದು. ಅದರ ಹಿಂದಿನದು ಪ್ರಾಯೋಜಕರದ್ದು. ಹಾಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಅವರು ಹೋಗಿ ಕುಳಿತದ್ದು ನೇಪಾಳದವನ ಕಲಾಕೃತಿಯ ಮೇಲೆ. ಅಲ್ಲಿಂದ ಯಾರೂ ಎಬ್ಬಿಸಲಿಲ್ಲ. ಸೀರೆಯ ಸೆರಗು ಬಿಗಿದುಕೊಂಡು, ವೇದಿಕೆಯ ಮೇಲಿನಿಂದ ಕಣ್ಣು ತೆಗೆಯದೆ ಕುಳಿತರು.

ಇನ್ನು ಕಾರ್ಯಕ್ರಮ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ದೀಪ ಆಯಿತು. ದೀಪಕ್ಕೆ ಐದು ಬತ್ತಿ, ವೇದಿಕೆಯ ಮೇಲೆ ಇಪ್ಪತ್ತು ಜನ. ಒಂದೊಂದು ಬತ್ತಿಯನ್ನು ಆರಿಸಿ ಆರಿಸಿ ಹಚ್ಚಿಸಿದೆವು. ಆಮೇಲೆ ಶುರುವಾಯಿತು ನೋಡಿ ಸನ್ಮಾನ! ಮೊದಲು ಶಾಲು, ಅದರ ಮೇಲೆ ಹಾರ, ತಲೆಗೆ ಪೇಟ, ಕೈಗೆ ಹಣ್ಣಿನ ಬುಟ್ಟಿ, ಕೊನೆಗೆ ಫಲಕ. ಐದೂ ಆದಮೇಲೆ ಎಲ್ಲರೂ ಒತ್ತಿಕೊಂಡು ನಿಂತು ಫೋಟೊ. ಫೋಟೊದವನು "ಸಾರ್, ಕಣ್ಣು ಮುಚ್ಚಿದ್ರಿ, ಇನ್ನೊಂದ್ಸಲ" ಎಂದರೆ ಪೇಟ ತೆಗೆದು ಮತ್ತೆ ತೊಡಿಸುವುದು. ಮೈದಾನ ಕೊಟ್ಟವರಿಗೆ, ಕರೆಂಟು ಹೋಗದಂತೆ ನೋಡಿಕೊಂಡವರಿಗೆ, ಶಾಮಿಯಾನದವರಿಗೆ, ಶಾಮಿಯಾನದವರ ತಂದೆಗೆ. ನಾನು ಒಬ್ಬರ ಹೆಸರು ಕರೆದು ಮುಗಿಸುವುದರೊಳಗೆ ಚೀಟಿ ಬರುತ್ತಿತ್ತು. ಇವರನ್ನು ಬಿಟ್ಟಿದ್ದೀರಿ, ಬೇಜಾರು ಮಾಡಿಕೊಳ್ಳುತ್ತಾರೆ. ಅವರನ್ನು ಕರೆದರೆ ಅವರ ಎದುರು ಪಾರ್ಟಿಯವರ ಚೀಟಿ. ಕೊನೆಕೊನೆಗೆ ಪೇಟ ಮುಗಿದು, ಮೊದಲು ತೊಡಿಸಿದವರ ತಲೆಯಿಂದಲೇ ಮೆಲ್ಲಗೆ ಎತ್ತಿ ತಂದು ಇನ್ನೊಬ್ಬರಿಗೆ ಇಟ್ಟರು. ನಾಚಿಕೆ ಎಂಬುದು ಆ ವೇದಿಕೆಯ ಹತ್ತಿರ ಸುಳಿಯಲಿಲ್ಲ.

ಫಾರಿನ್ನಿನ ಅತಿಥಿ ಎಲ್ಸಾ ಎಂಬವಳು ಬೆಲ್ಜಿಯಂ ಕಡೆಯ ಯಾವುದೋ ಊರಿನಲ್ಲಿ ಇಂಥದೇ ಉತ್ಸವ ನಡೆಸುತ್ತಾಳಂತೆ. ನಮ್ಮ ಉತ್ಸವ ಅಂತಾರಾಷ್ಟ್ರೀಯ ಆದದ್ದು ಮುಖ್ಯವಾಗಿ ಅವಳಿಂದ. ಇಲ್ಲಿ ತನಗೆ ಮೆಚ್ಚುಗೆಯಾದ ಒಂದು ಪ್ರದರ್ಶನವನ್ನು ತನ್ನ ಊರಿಗೆ ಕರೆಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅವಳಿಗೂ ಶಾಲು ಹೊದಿಸಿದರು, ಮೂರು ಸಂಘಗಳ ಪರವಾಗಿ ಮೂರು ಸಲ. ಆಮೇಲೆ ಅವಳು ಕೆಳಗಿಳಿದು, ವೇದಿಕೆಯ ಮುಂದೆ ನೆಲದಲ್ಲೇ ಕುಳಿತು, ಮೊಬೈಲು ಹಿಡಿದು ಎಲ್ಲವನ್ನೂ ವಿಡಿಯೊ ಮಾಡತೊಡಗಿದಳು. ಪಾಪ, ಇವಳಾದರೂ ಡೊಳ್ಳಿಗೆ ಕಾಯುತ್ತಿದ್ದಾಳೆ ಎಂದು ನಾನು ತಿಳಿದೆ.

ತಡೆಯಲಾರದೆ ಒಂದು ಹಂತದಲ್ಲಿ ನಾನು ಕೈಯಲ್ಲಿದ್ದ ಚೀಟಿಯನ್ನು ಮಡಚಿಟ್ಟು, ದನಿ ಏರಿಸಿ ಹೇಳಿಯೇಬಿಟ್ಟೆ. "ಇದೀಗ ನಾವೆಲ್ಲ ಕಾತರದಿಂದ ಕಾಯುತ್ತಿರುವ ಮೊದಲ ಪ್ರದರ್ಶನ, ವಾಣಿಶ್ರೀ ಮತ್ತು ಸಂಗಡಿಗರಿಂದ." ತಂಡದವರು ಡೊಳ್ಳು ಕಟ್ಟಿಕೊಂಡು ಮೆಟ್ಟಿಲು ಹತ್ತಿದರು. ಹಿಂದೆ ಗುಡ್ಡಮ್ಮ ಎದ್ದು ನಿಂತದ್ದು ನನಗೆ ವೇದಿಕೆಯಿಂದಲೇ ಕಂಡಿತು. ಅಷ್ಟರಲ್ಲಿ ಪರಮಶಿವಪ್ಪನವರ ಕೈ ಮೇಲೆದ್ದಿತು. "ಒಂದೇ ನಿಮಿಷ ಮೇಡಂ. ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮ ಐತಂತೆ. ಉಳಿದೋರ ಸನ್ಮಾನ ಅವರ ಕೈಯಾಗೇ ಮುಗಿಸಿಬಿಡಾಣ, ಆಮೇಲೆ ಡೊಳ್ಳು ಎಷ್ಟೊತ್ತು ಬೇಕಾದ್ರೂ ಬಾರಿಸ್ಲಿ." ಆ ಒಂದೇ ನಿಮಿಷದಲ್ಲಿ ಭಾರದ ಡೊಳ್ಳುಗಳನ್ನು ಹೊತ್ತುಕೊಂಡು ಆ ಹೆಂಗಸರು ಮೆಟ್ಟಿಲ ಮೇಲೆ, ಮೇಲೂ ಅಲ್ಲ ಕೆಳಗೂ ಅಲ್ಲ ಎಂಬಂತೆ ನಿಂತೇ ಇದ್ದರು, ಅಷ್ಟು ಹೊತ್ತಿಗೆ ಅಡುಗೆ ಮನೆಯಿಂದ ಸಾರಿನ ವಾಸನೆ ಬಂದು ಜನ ಎದ್ದು ಹೋಗಿಯಾಗಿತ್ತು.

ಕೊನೆಗೆ ಏನಾಯಿತು ಗೊತ್ತೆ? "ಟೈಮ್ ಬಾಳ ಆತು. ಪಾಪ ಕಲಾವಿದ್ರು ಬೆಳಿಗ್ಗಿಂದ ನಿಂತಾರೆ. ಅವ್ರಿಗೂ ಸನ್ಮಾನ ಮಾಡಿ ಮುಗಿಸಿಬಿಡಾಣ" ಎಂದರು ಅಧ್ಯಕ್ಷರು. ಮುಗಿಸಿಬಿಡೋಣ! ಬಾರಿಸಲು ಎತ್ತಿದ ಕೋಲನ್ನು ಕೈಯಿಂದ ತೆಗೆದು ಬದಿಗಿಟ್ಟು ವಾಣಿಶ್ರೀಗೆ ಪೇಟ ತೊಡಿಸಿ ಶಾಲು ಹೊದಿಸಿದರು. ಶಾಲು ಡೊಳ್ಳನ್ನೂ ಮುಚ್ಚಿತು. ಡೊಳ್ಳಿನ ಮೇಲೆಯೇ ಹಣ್ಣಿನ ಬುಟ್ಟಿ ಇಟ್ಟರು, ಅನುಕೂಲವಾಗಿತ್ತು. ಫೋಟೊ ಆಯಿತು, ವಂದನಾರ್ಪಣೆ ಆಯಿತು, ರಾಷ್ಟ್ರಗೀತೆ ಆಯಿತು. ಮೈಕಿನವನು ವೈರು ಸುತ್ತತೊಡಗಿದ. ನನಗೆ ಬಂದ ಸಿಟ್ಟಿಗೆ ಆ ಮೈಕನ್ನು ಅಲ್ಲೇ ಕುಕ್ಕಿ ಬರಬೇಕು ಅನ್ನಿಸಿತ್ತು.

ಗುಡ್ಡಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಊಟವನ್ನೂ ಮಾಡಲಿಲ್ಲ. ಸೊಸೆಯ ತಲೆಯ ಮೇಲಿನ ಪೇಟವನ್ನು ತೆಗೆದು ಕುರ್ಚಿಯ ಮೇಲಿಟ್ಟು, "ನಡಿ ಮನಿಗೆ" ಎಂದರು. ಮಾರನೆಯ ದಿನ ಡೊಳ್ಳು ಅಟ್ಟ ಸೇರಿತು. "ನಾನೇ ಏಣಿ ಇಟ್ಟು ಹತ್ತಿ ಇಟ್ಟೆ ಮೇಡಂ. ಮಾತು ಅಂದ್ರೆ ಮಾತಲ್ವಾ" ಎಂದು ವಾಣಿಶ್ರೀ ಫೋನಿನಲ್ಲಿ ಹೇಳಿದಳು. ಅವಳ ದನಿ ಒಡೆದಿತ್ತು. ನನಗೂ ಅಳು ಬಂತು.

ಇದಾಗಿ ಒಂದು ವಾರದ ಮೇಲೆ ಉದಯ ನಮ್ಮ ಶಾಲೆಗೆ ಬಂದ. ಮುಖ ಇಷ್ಟೇ ಇಷ್ಟು ಮಾಡಿಕೊಂಡಿದ್ದ. ಎಲ್ಸಾ ತನ್ನ ಊರಿಗೆ ಒಂದು ಪ್ರದರ್ಶನವನ್ನು ಆರಿಸಿದ್ದಾಳಂತೆ.

"ಯಾವುದು?" ಎಂದೆ. "ಕುರ್ಚಿಯಾ?"

"ಅಲ್ಲ ಮೇಡಂ. ಸನ್ಮಾನ."

ನನಗೆ ಅರ್ಥವಾಗಲಿಲ್ಲ. ಅವನು ಗುಟುಕು ಗುಟುಕಾಗಿ ಬಿಡಿಸಿ ಹೇಳಿದ. ಅಷ್ಟು ಹೊತ್ತು, ಅಷ್ಟೊಂದು ಜನ, ಒಂದೇ ಐದು ವಸ್ತು, ಒಂದೇ ಬಗೆಯ ಚಲನೆ, ಮುಖದಲ್ಲಿ ಎಳ್ಳಷ್ಟೂ ಭಾವವಿಲ್ಲ. ನೋಡುವವರು ಎದ್ದು ಹೋದರೂ ಮಾಡುವವರು ನಿಲ್ಲಿಸಲಿಲ್ಲ. ಅಧಿಕಾರದ ಪೊಳ್ಳುತನವನ್ನು ಇಷ್ಟು ಶಿಸ್ತಿನಿಂದ ತೋರಿಸಿದ ಪ್ರದರ್ಶನವನ್ನು ಆಕೆ ಯೂರೋಪಿನಲ್ಲೇ ಕಂಡಿಲ್ಲವಂತೆ. ನಿರ್ದೇಶಕರು ಯಾರು ಎಂದು ಕೇಳಿದಳಂತೆ.

"ನೀನೇನಂದೆ?"

"ಪರಮಶಿವಪ್ಪೋರು ಅಂದೆ."

"ಅದು ನಾಟಕ ಅಲ್ಲ ಮಾರಾಯಾ, ನಿಜ ಅಂತ ಹೇಳ್ಬೇಕಿತ್ತಲ್ಲೋ!"

ಉದಯ ಕಪ್ಪು ಅಂಗಿಯ ತೋಳು ಎಳೆದುಕೊಂಡ. "ಹೇಳಾಣ ಅಂತ ಬಾಯಿ ತೆಗ್ದೆ ಮೇಡಂ. ಅಷ್ಟ್ರಲ್ಲಿ ಆಯಮ್ಮ ನಮ್ಮ ಉತ್ಸವದೋರನ್ನ ಮುಂದಿನ ವರ್ಷಾನೂ ಕರೆಸ್ಕೊಂತೀವಿ ಅಂದ್ಲು. ಓಪನ್ ಆಗಿ ಬಿಟ್ಟೆ."

ಪರಮಶಿವಪ್ಪನವರಿಗೆ ಈ ವಿಷಯವನ್ನು ಹೇಗೆ ತಿಳಿಸಿದರೋ, ಅವರಿಗೆ ತಿಳಿದದ್ದು ಇಷ್ಟು: ಬೆಲ್ಜಿಯಂನವರು ನಮ್ಮ ಸಂಸ್ಕೃತಿಯನ್ನು ಮೆಚ್ಚಿದ್ದಾರೆ, ಅಲ್ಲಿನ ವೇದಿಕೆಯ ಮೇಲೆ ಸನ್ಮಾನ ಮಾಡಿ ತೋರಿಸಬೇಕು. ಹತ್ತು ಹನ್ನೆರಡು ಜನರ ತಂಡ ತಯಾರಾಯಿತು. ಶಾಲು ಹೊದಿಸುವವರು, ಪೇಟ ಕಟ್ಟುವವರು, ಬುಟ್ಟಿ ಹಿಡಿಯುವವರು. ಬರುವುದಿಲ್ಲ ಎಂದವರನ್ನು ಮನೆಮನೆಗೆ ಹೋಗಿ ಒಪ್ಪಿಸುವ ಕಷ್ಟವೇನೂ ಬೀಳಲಿಲ್ಲ, ಬಿಡಿ. ನನ್ನನ್ನೂ ಕರೆದರು. "ನಿಮ್ಮ ನಿರೂಪಣೆ ಇಲ್ದೆ ಹೆಂಗ್ರೀ ಮೇಡಂ? ಆಯಮ್ಮ ಕೇಳ್ಯಾಳೆ, ಆ ಚೀಟಿ ಓದಾ ಹೆಂಗಸು ಬರ್ಲೇಬೇಕು ಅಂತ." ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ ಎಂದೆ. ಸರ್ಕಾರಿ ನೌಕರಿ ಕೊಟ್ಟದ್ದಕ್ಕೆ ನಾನು ದೇವರಿಗೆ ಕೈಮುಗಿದದ್ದು ಅವತ್ತೇ.

ಇಷ್ಟಕ್ಕೇ ಬಿಟ್ಟಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಬಿಡಲಿಲ್ಲ. ವಿದೇಶಕ್ಕೆ ಹೊರಟ ತಂಡಕ್ಕೆ ಶಿರಾಳಕೊಪ್ಪದಲ್ಲಿ ಅದ್ದೂರಿ ಬೀಳ್ಕೊಡುಗೆ ಆಗಬೇಕು, ಮಂಡಿಯಿಂದ ಸರ್ಕಲ್ ತನಕ ಮೆರವಣಿಗೆ, ಅಲ್ಲಿಂದ ಕಾರು ಹತ್ತಿ ಶಿವಮೊಗ್ಗಕ್ಕೆ ಹೋಗಿ ರೈಲು. ಮೆರವಣಿಗೆ ಎಂದಮೇಲೆ ಡೊಳ್ಳು ಬೇಡವೆ? "ಆ ನಿಮ್ ಹುಡುಗಿಗೆ ಒಂದು ಮಾತು ಹೇಳಿ ಮೇಡಂ" ಎಂದು ಪರಮಶಿವಪ್ಪನವರು ನನಗೇ ಫೋನು ಮಾಡಿದರು. ಇವರ ಎದೆಗಾರಿಕೆಗೆ ಏನು ಹೇಳಬೇಕು! ಅವಳ ಜಾಗಕ್ಕೆ ತಾವು ಹೋಗುತ್ತಿದ್ದಾರೆ, ಅದಕ್ಕೆ ಅವಳೇ ಬಂದು ಬಾರಿಸಿ ಕಳಿಸಿಕೊಡಬೇಕಂತೆ.

ಬರಬೇಡ ಎಂದು ಹೇಳಲಿಕ್ಕೆಂದೇ ನಾನು ವಾಣಿಶ್ರೀಗೆ ಫೋನು ಮಾಡಿದೆ. ಎತ್ತಿದ್ದು ಗುಡ್ಡಮ್ಮ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಬರ್ತಾಳೆ ಅನ್ರಿ" ಎಂದರು.

"ಅಲ್ಲ ಗುಡ್ಡಮ್ಮಾ, ನೀವೇ ಅಲ್ವಾ ಡೊಳ್ಳು ಇಳಿಸಂಗಿಲ್ಲ ಅಂದಿದ್ದು?"

"ನಾನೇ ಅಂದಿದ್ದು, ನಾನೇ ಇಳಿಸ್ತೀನಿ. ಅವತ್ತು ಆ ಕುರ್ಚಿ ಮ್ಯಾಲೆ ಇಡೀ ದಿನ ಕುಂತು ನೋಡೀನಿ ಮೇಡಂ. ತಪ್ಪು ಡೊಳ್ಳಿಂದು ಅಂತ ತ್ವಾಟ ಗದ್ದೆ ಕೆಲ್ಸದಾಗೆಲ್ಲ ಅವಳ್ನ ಬೈಕ್ಯಂಡು ತಿರುಗ್ದೆ. ಅವಳ್ದೇನು ತಪ್ಪು? ಅವ್ರಿಗೆ ಡೊಳ್ಳು ಬ್ಯಾಡ, ಡೊಳ್ಳಿನ ಹಿಂದೆ ನಡಿಯಾ ಸೊಕ್ಕು ಬೇಕು. ನಡೀಲಿ. ಅವ್ರು ಎಷ್ಟು ನಡೀತಾರೆ ಅಂತ ನಾನೂ ನೋಡ್ತೀನಿ."

ಅವತ್ತು ಶಿರಾಳಕೊಪ್ಪದ ಸಂತೆ. ಸೊಪ್ಪು, ಒಣಮೀನು, ಹಗ್ಗ, ಪ್ಲಾಸ್ಟಿಕ್ ಕೊಡ ಎಲ್ಲ ರಸ್ತೆಗೇ ಬಂದಿತ್ತು, ಎರಡು ಎತ್ತಿನಗಾಡಿ ಎದುರಾದರೆ ಉಸಿರಾಡಲು ಜಾಗವಿಲ್ಲ. ಮಂಡಿಯ ಮುಂದೆ ತಂಡದವರು ಒಂದೇ ಬಣ್ಣದ ಪೇಟ ತೊಟ್ಟು, ಹೆಗಲಿಗೆ ಶಾಲು ಏರಿಸಿ, ಕೈಮುಗಿದುಕೊಂಡು ನಿಂತಿದ್ದರು. ಪತ್ರಿಕೆಯವರು, ಮೊಬೈಲು ಹಿಡಿದವರು, ಹೂವು ಎರಚುವವರು. ವಾಣಿಶ್ರೀ ಮತ್ತು ಸಂಗಡಿಗರು ನಡಿಗೆಯ ಪೆಟ್ಟು ಹಾಕುತ್ತಾ ಹೊರಟರು. ನಾನು, ಗುಡ್ಡಮ್ಮ ಗೊಬ್ಬರದ ಅಂಗಡಿಯ ಮೆಟ್ಟಿಲು ಹತ್ತಿ ನಿಂತೆವು.

ರಸ್ತೆ ತೀರಾ ಇಕ್ಕಟ್ಟಾಗುವ ಕಡೆ, ಬೆಲ್ಲದಂಗಡಿಗಳ ನಡುವೆ, ವಾಣಿಶ್ರೀ ನಡಿಗೆಯನ್ನು ನಿಲ್ಲಿಸಿದಳು. ತಂಡ ಗುಂಡಾಗಿ ನಿಂತಿತು. ಒಂದು ಡೊಳ್ಳು ನಿಧಾನ ಎದ್ದಿತು, ನಿಂತಿತು. ಉಸಿರು ಬಿಡುವಷ್ಟು ಬಿಡುವು. ಮತ್ತೆ ಎದ್ದಿತು.

ಅವಳು ಅದನ್ನೇ ಶುರು ಮಾಡಿದ್ದಳು.

ಪರಮಶಿವಪ್ಪನವರು ಮೊದಲು ನಕ್ಕು ನಿಂತರು, ಒಂದು ನಿಮಿಷದ ಕುಣಿತ ಇರಬೇಕು ಎಂದುಕೊಂಡು. ಆಮೇಲೆ ಗಡಿಯಾರ ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿದರು. ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಮೆರವಣಿಗೆಯ ಡೊಳ್ಳನ್ನು ದಾಟಿ ಯಾರೂ ಹೆಜ್ಜೆ ಇಡುವುದಿಲ್ಲ, ದೇವರ ಪಲ್ಲಕ್ಕಿಯೂ ಅದರ ಹಿಂದೆಯೇ. ದಾಟಿದರೆ ನಿಮ್ಮ ಮರ್ಯಾದೆ ನನಗೆ ಬೇಡ ಎಂದು ನಾಲ್ಕು ಜನರ ಮುಂದೆ ಹೇಳಿದ ಹಾಗೆ, ದೂರದ ಪ್ರಯಾಣಕ್ಕೆ ಹೊರಟವರಿಗಂತೂ ಅಪಶಕುನ. ನಿಲ್ಲಿಸಿ ಎಂದು ಗದರೋಣವೆಂದರೆ ಎದುರಿಗೆ ಅಷ್ಟೂ ಮೊಬೈಲುಗಳು. ಮೆರವಣಿಗೆ ಬೇಕು ಎಂದವರೂ ಅವರೇ. ಹಾಗಾಗಿ ವಿದೇಶಕ್ಕೆ ಹೊರಟ ಇಡೀ ತಂಡ ಸಂತೆಯ ಬಿಸಿಲಲ್ಲಿ ಪೇಟ ತೊಟ್ಟು, ಕೈಮುಗಿದುಕೊಂಡು, ಬೆವರು ಒರೆಸಲೂ ಆಗದೆ ನಿಂತುಕೊಂಡಿತು. ಉದಯನೂ ಅವರ ನಡುವೆ ಕಪ್ಪು ಅಂಗಿಯಲ್ಲಿ ಬೇಯುತ್ತಿದ್ದ. ಅವರನ್ನು ಹಾಗೆ ನೋಡಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಬಿಡುವು ಚಿಕ್ಕದಾಗುತ್ತಾ ಹೋಯಿತು. ಸೊಪ್ಪಿನವಳು ತೂಗುತ್ತಿದ್ದ ತಕ್ಕಡಿಯನ್ನು ಹಾಗೇ ಹಿಡಿದು ನಿಂತಳು. ಸಂತೆಯ ಹೆಂಗಸರು ಬುಟ್ಟಿಗಳನ್ನು ಬಿಟ್ಟು ಹತ್ತಿರ ಬಂದರು. ಗುಡ್ಡಮ್ಮ ನನ್ನ ಮುಂಗೈ ಹಿಡಿದುಕೊಂಡಿದ್ದರು. ಹಿಡಿತ ಒಮ್ಮೆ ಬಿಗಿಯುತ್ತಿತ್ತು, ಒಮ್ಮೆ ಸಡಿಲುತ್ತಿತ್ತು.

"ಇದು ಬ್ಯಾನೆ ಅಲ್ವಾ ಮೇಡಂ?" ಎಂದರು.

"ಹೌದು ಗುಡ್ಡಮ್ಮಾ."

"ಎರಡನೇ ಸಲದ್ದು. ಆಸ್ಪತ್ರೆ ಬಾಗ್ಲ ಹೊರಗೆ ನಾನೇ ಕುಂತಿದ್ದೆ. ಇಷ್ಟು ಹೊತ್ತು ತಿಂದ್ಲಾ ನೋವು ಇವಳು? ನಂಗೆ ಒಂದು ಮಾತು ಹೇಳ್ಲಿಲ್ಲ." ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಎಲ್ಲ ಡೊಳ್ಳೂ ಒಟ್ಟಿಗೆ ಗುದ್ದಿ ಒಮ್ಮೆಗೇ ನಿಂತವು. ವಾಣಿಶ್ರೀಯ ತಲೆಗೂದಲು ಬೆವರಿಗೆ ಹಣೆಗೆ ಅಂಟಿತ್ತು, ಎದೆ ಏರಿ ಇಳಿಯುತ್ತಿತ್ತು. ಪರಮಶಿವಪ್ಪನವರು ಜೀವ ಬಂದವರಂತೆ, "ಬಾಳ ಚೆನ್ನಾಗಿತ್ತಮ್ಮಾ, ಬಾಳ ಚೆನ್ನಾಗಿತ್ತು. ಇನ್ನ ನಡೀರಿ ನಡೀರಿ, ಈಗ ಹೊಂಟ್ರೂ ರೈಲು ಸಿಗ್ತತಿ" ಎಂದು ಒಂದು ಕಾಲು ಮುಂದಿಟ್ಟರು.

ಆಗ ಗುಡ್ಡಮ್ಮ ನನ್ನ ಕೈ ಬಿಟ್ಟು, ಗೊಬ್ಬರದಂಗಡಿಯ ಮೆಟ್ಟಿಲ ಮೇಲಿಂದ ಇಡೀ ಸಂತೆಗೆ ಕೇಳುವಂತೆ ಕೂಗಿದರು. "ಇನ್ನೊಂದ್ಸಲ ಬಾರ್ಸೇ ವಾಣಿ! ಸುರುವಿಂದ ಬಾರ್ಸು. ನಂಗೆ ಮೊದ್ಲಿಂದು ಸರಿ ಕಾಣ್ಲಿಲ್ಲ, ಜನ ಅಡ್ಡ ಇದ್ರು."

ಪರಮಶಿವಪ್ಪನವರು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ವಾಣಿಶ್ರೀ ಅವರ ಕಡೆ ನೋಡಲೇ ಇಲ್ಲ. ಅತ್ತೆಯನ್ನೇ ನೋಡುತ್ತಾ ಕೆಂಪೇರಿದ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಆಮೇಲೆ ಕೋಲು ಎತ್ತಿದಳು.